‘ಚೆನ್ನಾಗಿದೆ’ ಎಂಬ ಉತ್ತರದಾಚೆಗೆ: ಒಂದು ಬಳಕೆದಾರ ಅಧ್ಯಯನ

ಬಳಕೆದಾರರ ಅಧ್ಯಯನ ನಡೆಸುವವರಿಗೆ ಬಲು ಸುಲಭವಾಗಿ ಸಿಗುವ ಉತ್ತರ ‘ಚೆನ್ನಾಗಿದೆ’. ನನಗೆ ಅತಿ ಕಡಿಮೆ ಉಪಯೋಗಕ್ಕೆ ಬಂದಿರುವುದೂ ಅದೇ. ಎದುರಿಗೆ ಕುಳಿತವರೇ ಆ್ಯಪ್ ಮಾಡಿದವರು ಎಂದು ತಿಳಿದ ಮೇಲೆ ದಾಕ್ಷಿಣ್ಯ ಬಿಟ್ಟು ಮಾತನಾಡುವವರು ವಿರಳ. ಈ ದಾಕ್ಷಿಣ್ಯವನ್ನು ಸಂಶೋಧಕಿ ನಿಕೋಲಾ ಡೆಲ್ ಮತ್ತು ಸಂಗಡಿಗರು ಅಳೆದೇ ತೋರಿಸಿದ್ದಾರೆ. ಬೆಂಗಳೂರಿನಲ್ಲಿ ನಡೆಸಿದ 450 ಸಂದರ್ಶನಗಳನ್ನು ಆಧರಿಸಿ 2012ರಲ್ಲಿ ಪ್ರಕಟವಾದ ಅವರ ಪ್ರಬಂಧದ ಪ್ರಕಾರ, ಎರಡು ವಸ್ತುಗಳು ತದ್ರೂಪವಾಗಿದ್ದರೂ ಸಂದರ್ಶಕರೇ ತಯಾರಿಸಿದ್ದು ಎಂದು ನಂಬಿದ್ದನ್ನು ಮೆಚ್ಚುವ ಸಾಧ್ಯತೆ ಸುಮಾರು ಎರಡೂವರೆ ಪಟ್ಟು. ಸಂದರ್ಶಕರು ದುಭಾಷಿಯ ನೆರವು ಬೇಕಾದ ವಿದೇಶಿ ಸಂಶೋಧಕರಾದರೆ ಅದು ಐದು ಪಟ್ಟು.

ಅರ್ಜಿಯನ್ನು ಮಾತಿನಲ್ಲಿ ಹೇಳಿ ತುಂಬುವ ನಮ್ಮ ವಿನ್ಯಾಸವನ್ನು, ಕೀಲಿಮಣೆಯಲ್ಲಿ ತುಂಬುವ ವಾಡಿಕೆಯ ವಿನ್ಯಾಸದೊಂದಿಗೆ ನಾನು ಹೋಲಿಸಬೇಕಿತ್ತು. ‘ನಮ್ಮ’ ಎಂಬುದರ ಸುಳಿವನ್ನೆಲ್ಲ ಮೊದಲು ಅಳಿಸಿದೆ. ಎರಡಕ್ಕೂ ಹಸಿರು, ನೀಲಿ ಎಂದು ಹೆಸರಿಟ್ಟು, ಅಕ್ಷರ, ಬಣ್ಣ, ಗುಂಡಿಗಳ ಅಂದವನ್ನು ಒಂದೇ ಮಟ್ಟಕ್ಕೆ ತಂದೆ. ವಿನ್ಯಾಸದಲ್ಲಿ ಪಾಲಿಲ್ಲದ ಸಹೋದ್ಯೋಗಿಯೊಬ್ಬರು ಬರೆದುಕೊಟ್ಟ ಮಾತನ್ನಷ್ಟೇ ಓದಿ ಅಧ್ಯಯನ ನಡೆಸಿದರು. ‘ಎರಡೂ ಬೇರೆಯವರದು’ ಎಂದು ಸುಳ್ಳು ಹೇಳಿಸಲು ನನಗೆ ಮನಸ್ಸಿರಲಿಲ್ಲ. ‘ಯಾರು ಮಾಡಿದ್ದು ಎಂಬುದನ್ನು ಕೊನೆಯಲ್ಲಿ ತಿಳಿಸುತ್ತೇವೆ’ ಎಂಬ ಸಾಲು ಸಾಕಾಯಿತು.

ಒಂದೇ ಅರ್ಜಿಯನ್ನು ಎರಡನೆಯ ಸಲ ತುಂಬುವಾಗ ಯಾರಿಗಾದರೂ ಕೈ ಪಳಗಿರುತ್ತದೆ. ಹಾಗಾಗಿ ಒಂದೇ ಉದ್ದದ ಎರಡು ಅರ್ಜಿಗಳನ್ನು ಸಿದ್ಧಪಡಿಸಿ, ವಿನ್ಯಾಸದ ಸರದಿಯನ್ನೂ ಅರ್ಜಿಯ ಸರದಿಯನ್ನೂ ಅದಲುಬದಲು ಮಾಡಿದೆ. ನಾಲ್ಕು ಜೋಡಣೆಗಳಾದವು; ಭಾಗವಹಿಸುವವರ ಸಂಖ್ಯೆ ನಾಲ್ಕರ ಗುಣಕವೇ ಆಗಿರಬೇಕಾಯಿತು.

ನಿಜವಾದ ತಲೆನೋವು ಅರ್ಜಿಯ ವಿವರಗಳದ್ದು. ಯಾರೂ ತಮ್ಮ ಖಾಸಗಿ ಮಾಹಿತಿ ಕೊಡಬಾರದೆಂದು ಕಲ್ಪಿತ ವಿವರಗಳಿರುವ ಚೀಟಿ ಕೊಟ್ಟೆವು. ಆದರೆ ಚೀಟಿ ನೋಡಿ ಓದುವವರು ತಡವರಿಸುವುದಿಲ್ಲ, ಅರ್ಧಕ್ಕೆ ನಿಲ್ಲಿಸಿ ಮಾತು ಬದಲಿಸುವುದಿಲ್ಲ. ಹೀಗೆ ನಡೆದರೆ ಧ್ವನಿಯ ವಿನ್ಯಾಸಕ್ಕೆ ಪುಕ್ಕಟೆ ಲಾಭ. ಅದಕ್ಕೆಂದೇ ಚಿತ್ರವೊಂದನ್ನು ನೋಡಿ ಸ್ವಂತ ಮಾತಿನಲ್ಲಿ ದೂರು ವಿವರಿಸುವ ಅಂಕಣವೊಂದನ್ನು ಸೇರಿಸಿದೆ. ಇಡೀ ಅಧ್ಯಯನದಲ್ಲಿ ಹೆಚ್ಚು ಕಲಿಸಿದ ಅಂಕಣ ಅದೇ. ಕೆಲಸ ಮಾಡುತ್ತಲೇ ಮನಸ್ಸಿನಲ್ಲಿರುವುದನ್ನು ಗಟ್ಟಿಯಾಗಿ ಹೇಳಿಸುವ ಜನಪ್ರಿಯ ವಿಧಾನ ಇಲ್ಲಿ ನಡೆಯುವಂತಿರಲಿಲ್ಲ. ಹೇಳಿದ್ದನ್ನೆಲ್ಲ ಆ್ಯಪ್ ಅರ್ಜಿಯೊಳಗೆ ಬರೆದುಕೊಂಡುಬಿಡುತ್ತದೆ! ಪರದೆಯ ವೀಡಿಯೊವನ್ನು ಆಮೇಲೆ ತೋರಿಸಿ, ಅಲ್ಲಲ್ಲಿ ನಿಲ್ಲಿಸಿ ಕೇಳಿದೆವು.

ಪ್ರತಿ ವಿನ್ಯಾಸ ಬಳಸಿದ ಕೂಡಲೇ, ಹೋಲಿಕೆಯ ಮಾತು ಎತ್ತುವ ಮೊದಲು, ಬಳಕೆ ಎಷ್ಟು ಸುಲಭ ಎಂಬುದನ್ನು ಸೊನ್ನೆಯಿಂದ ನೂರರವರೆಗಿನ ಅಂಕದಲ್ಲಿ ಅಳೆಯಲು ಜಾನ್ ಬ್ರೂಕ್ 1986ರಲ್ಲಿ ರೂಪಿಸಿದ ಹತ್ತು ಹೇಳಿಕೆಗಳ ಪ್ರಶ್ನಾವಳಿಯನ್ನು ಕೊಟ್ಟೆ. ಅದರಲ್ಲಿ ಹೊಗಳಿಕೆ ಮತ್ತು ತೆಗಳಿಕೆ ಒಂದಾದ ಮೇಲೊಂದು ಬರುತ್ತವೆ. ಎಲ್ಲಕ್ಕೂ ‘ಪೂರ್ಣ ಒಪ್ಪುತ್ತೇನೆ’ ಎಂದು ಗುರುತು ಹಾಕುವ ಸಂಕೋಚದ ಮನುಷ್ಯರಿಗೆ ಲೆಕ್ಕದಲ್ಲಿ ಸರಿಯಾಗಿ 50 ಬರುತ್ತದೆ, ನೂರಲ್ಲ. ಈ ಅಂಕ ಶೇಕಡಾವಾರಲ್ಲ. 68ನ್ನು ಸರಾಸರಿ ಎಂದು ಹಿಡಿಯುವುದು ವಾಡಿಕೆ. 70 ಬಂತೆಂದು ಹಿಗ್ಗುವ ಪ್ರಬಂಧಗಳನ್ನು ಓದುವಾಗ ನನಗೆ ನಗು ಬರುತ್ತದೆ.

ಕೊನೆಗೆ ‘ಯಾವುದು ಇಷ್ಟ’ ಎಂದು ಕೇಳುವ ಮೊದಲು ಮೂರನೆಯ ಅರ್ಜಿಯೊಂದನ್ನು ಕೊಟ್ಟು, ಬೇಕಾದ ವಿನ್ಯಾಸದಲ್ಲಿ ತುಂಬಿ ಎಂದೆವು. ಮಾತಿನ ವಿನ್ಯಾಸವೇ ಇಷ್ಟ ಎಂದ ಹಲವರು ಅದಕ್ಕೆ ಮುಂಚೆ ಆರಿಸಿಕೊಂಡದ್ದು ಕೀಲಿಮಣೆಯನ್ನು. ಸಮಯದ ದಾಖಲೆ ಅವರ ಕೈಯ ಆಯ್ಕೆಯನ್ನೇ ಸಮರ್ಥಿಸಿತು: ಹೆಸರು, ಸಂಖ್ಯೆಯಂಥ ಚಿಕ್ಕ ಅಂಕಣಗಳಲ್ಲಿ ಮಾತಿನಿಂದ ಉಳಿದ ಸಮಯವನ್ನು ತಿದ್ದುಪಡಿ ನುಂಗಿತ್ತು. ದೂರಿನ ದೊಡ್ಡ ಅಂಕಣದಲ್ಲಿ ಮಾತ್ರ ಧ್ವನಿಯೇ ಮುಂದು. ವೀಡಿಯೊ ನೋಡುತ್ತಾ ಒಬ್ಬರು ಗಡಿಯಾರಕ್ಕೆ ಸಿಗದ ಇನ್ನೊಂದು ಕಾರಣ ಹೇಳಿದರು: ಪಕ್ಕದಲ್ಲಿ ಜನರಿದ್ದರೆ ದೂರವಾಣಿ ಸಂಖ್ಯೆಯನ್ನು ಗಟ್ಟಿಯಾಗಿ ಹೇಳುವುದು ಹೇಗೆ? ಇಷ್ಟದ ಎಣಿಕೆ, ಮೂರನೆಯ ಅರ್ಜಿಯ ಆಯ್ಕೆ ಎರಡನ್ನೂ ಒಂದೇ ಕೋಷ್ಟಕದಲ್ಲಿ ಅಕ್ಕಪಕ್ಕ ಇಟ್ಟೆ. ಮುಂದಿನ ಆವೃತ್ತಿಯಲ್ಲಿ ಖಾಸಗಿ ಸಂಖ್ಯೆಗಳಿಗೆ ಕೀಲಿಮಣೆ ತಾನಾಗಿ ತೆರೆದುಕೊಳ್ಳುತ್ತದೆ. ಮೈಕಿನ ಗುಂಡಿ ವಿವರಣೆಯ ಅಂಕಣದಲ್ಲಿ ಮಾತ್ರ ಉಳಿದಿದೆ.