ಸ್ಪೀಡ್‌ವೇ ಬೈಕ್ ಓಟಕ್ಕೆ ಮೈದಾನ ಆರಿಸುವುದು ಹೇಗೆ: ಬಳ್ಳಾರಿ, ರಾಯಚೂರು, ಕೊಪ್ಪಳದ ಆಯೋಜಕರಿಗೆ

ದೊಡ್ಡ ಸ್ಪರ್ಧೆಯೊಂದನ್ನು ನಡೆಸಲು ಹೊರಟವರು ಮೈದಾನ ನೋಡಲು ಹೋದಾಗ ಮೊದಲು ಕೇಳುವ ಪ್ರಶ್ನೆ, ಇಲ್ಲಿ ಎಷ್ಟು ಸಾವಿರ ಜನ ಕೂರಬಹುದು ಎಂಬುದು. ಸ್ಪೀಡ್‌ವೇ ಓಟದ ಮಟ್ಟಿಗೆ ಅದು ಕೊನೆಯಲ್ಲಿ ಕೇಳಬೇಕಾದ ಪ್ರಶ್ನೆ. ಈ ಆಟದಲ್ಲಿ ನಾಲ್ವರು ಸವಾರರು ಬ್ರೇಕಿಲ್ಲದ, ಒಂದೇ ಗೇರಿನ, 500 ಸಿ.ಸಿ. ಬೈಕುಗಳನ್ನು ಅಂಡಾಕಾರದ ಮಣ್ಣಿನ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗುತ್ತ ನಾಲ್ಕು ಸುತ್ತು ಓಡಿಸುತ್ತಾರೆ. ತಿರುವು ಬಂದಾಗ ಹಿಂದಿನ ಚಕ್ರವನ್ನು ಅಡ್ಡಕ್ಕೆ ಜಾರಿಸಿಕೊಂಡೇ ಬೈಕನ್ನು ತಿರುಗಿಸುತ್ತಾರೆ. ಬ್ರೇಕ್ ಮಾಡಬೇಕಾದ ಕೆಲಸವನ್ನು ಇಲ್ಲಿ ಮಣ್ಣು ಮಾಡುತ್ತದೆ. ಆದ್ದರಿಂದ ಮೈದಾನವನ್ನು ಆರಿಸುವುದೆಂದರೆ ಮೊದಲು ಮಣ್ಣನ್ನು, ಅದರ ಬೆನ್ನಿಗೆ ನೀರನ್ನು, ನಂತರ ಜನ ಬಂದು ಹೋಗುವ ದಾರಿಯನ್ನು ಆರಿಸುವುದು. ಕುರ್ಚಿಗಳನ್ನೂ ಗ್ಯಾಲರಿಯನ್ನೂ ಬಾಡಿಗೆಗೆ ತರಬಹುದು, ಈ ಮೂರನ್ನು ಅಷ್ಟು ಸುಲಭವಾಗಿ ತರಲಾಗುವುದಿಲ್ಲ.

ಭವ್ಯವಾದ ಕ್ರೀಡಾಂಗಣವೊಂದಿದ್ದರೆ ಸಾಕು ಎಂದು ನಂಬುವವರು ಎರಡು ಘಟನೆಗಳನ್ನು ನೆನಪಿಡಬೇಕು. 2008ರಲ್ಲಿ ಜರ್ಮನಿಯ ಗೆಲ್ಸೆನ್‌ಕಿರ್ಷನ್ ನಗರದ ದೊಡ್ಡ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯಬೇಕಿದ್ದ, ವಿಶ್ವ ಚಾಂಪಿಯನ್‌ಷಿಪ್ ಸರಣಿಯ ಸ್ಪೀಡ್‌ವೇ ಗ್ರ್ಯಾಂಡ್ ಪ್ರಿ ಸ್ಪರ್ಧೆ, ತಾತ್ಕಾಲಿಕವಾಗಿ ಹಾಸಿದ್ದ ಟ್ರ್ಯಾಕ್ ಓಟಕ್ಕೆ ಯೋಗ್ಯವಾಗಿಲ್ಲ ಎಂಬ ಕಾರಣಕ್ಕೆ ರದ್ದಾಗಿ, ಪೋಲೆಂಡಿನ ಬಿಡ್ಗೋಷ್ ನಗರಕ್ಕೆ ಸ್ಥಳಾಂತರಗೊಂಡಿತು. 2015ರ ಏಪ್ರಿಲ್‌ನಲ್ಲಿ ವಾರ್ಸಾದ ರಾಷ್ಟ್ರೀಯ ಕ್ರೀಡಾಂಗಣದಲ್ಲಿ ಐವತ್ತು ಸಾವಿರಕ್ಕೂ ಹೆಚ್ಚು ಪ್ರೇಕ್ಷಕರು ನೆರೆದಿದ್ದಾಗ, ಟ್ರ್ಯಾಕ್ ಮತ್ತು ಆರಂಭದ ಗೇಟು ಎರಡೂ ಕೈಕೊಟ್ಟು 12 ಹೀಟ್‌ಗಳಿಗೇ (ಹೀಟ್ ಎಂದರೆ ನಾಲ್ವರ ಒಂದು ಓಟ) ಸ್ಪರ್ಧೆಯನ್ನು ನಿಲ್ಲಿಸಬೇಕಾಯಿತು. ಹಣ, ಯಂತ್ರ, ಅನುಭವ ಎಲ್ಲವೂ ಇದ್ದ ದೇಶಗಳಲ್ಲಿಯೇ ಹೀಗಾಯಿತು. ಇನ್ನೊಂದು ಕಡೆಯಿಂದ ನೋಡಿದರೆ, ಈ ಆಟದ ಮೊದಲ ಸ್ಪರ್ಧೆಗಳಲ್ಲಿ ಒಂದೆಂದು ಎಣಿಸಲಾಗುವ 1923ರ ಡಿಸೆಂಬರ್ ತಿಂಗಳ ಓಟ ನಡೆದದ್ದು ಆಸ್ಟ್ರೇಲಿಯಾದ ಮೇಟ್‌ಲೆಂಡ್ ಎಂಬ ಊರಿನ ಕೃಷಿ ಮೇಳದ ಬಯಲಿನಲ್ಲಿ. ನಮ್ಮ ಮೂರು ಜಿಲ್ಲೆಗಳಲ್ಲಿ ಅಂಥ ಬಯಲುಗಳಿಗೆ ಕೊರತೆಯಿಲ್ಲ.

ಮೊದಲು ಅಳತೆ

ಅಂತರರಾಷ್ಟ್ರೀಯ ನಿಯಮದಂತೆ ಟ್ರ್ಯಾಕಿನ ಉದ್ದ 260 ಮೀಟರಿಗಿಂತ ಕಡಿಮೆಯಿರಬಾರದು, 425 ಮೀಟರ್ ಮೀರಬಾರದು. ನೇರ ಭಾಗದಲ್ಲಿ ಕನಿಷ್ಠ 10 ಮೀಟರ್, ತಿರುವಿನಲ್ಲಿ ಕನಿಷ್ಠ 14 ಮೀಟರ್ ಅಗಲ ಬೇಕು. ಸುಮಾರು 280 ಮೀಟರಿನ ಟ್ರ್ಯಾಕನ್ನು ಲೆಕ್ಕಕ್ಕೆ ಹಿಡಿದರೆ, ಅದಕ್ಕೆ 137 ಮೀಟರ್ ಉದ್ದ ಮತ್ತು 77 ಮೀಟರ್ ಅಗಲದ ಜಾಗ ಬೇಕಾಗುತ್ತದೆ. ಬೇಲಿಯ ಹಿಂದೆ ಬಿಡಬೇಕಾದ ಅಂತರವನ್ನು ಸೇರಿಸಿದರೆ 150 ಮೀಟರಿಗೆ 90 ಮೀಟರ್ ಎಂದಿಟ್ಟುಕೊಳ್ಳುವುದು ಕ್ಷೇಮ. ಎಂಟು ಸಾಲುಗಳ 400 ಮೀಟರ್ ಓಟದ ಪಥವಿರುವ ಮೈದಾನ ಸುಮಾರು 177 ಮೀಟರ್ ಉದ್ದ ಮತ್ತು 93 ಮೀಟರ್ ಅಗಲ ಇರುವುದರಿಂದ ಅಂಥ ಯಾವುದೇ ಮೈದಾನ ಅಳತೆಯ ಪರೀಕ್ಷೆಯಲ್ಲಿ ತೇರ್ಗಡೆಯಾಗುತ್ತದೆ. ಆದರೆ ಅಲ್ಲಿ ಸಿಂಥೆಟಿಕ್ ಪಥ ಹಾಸಿದ್ದರೆ ಆ ಮೈದಾನವನ್ನು ಕೇಳಲೇಬಾರದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಟಿಪ್ಪರ್ ಮತ್ತು ರೋಲರ್‌ಗಳು ಅದರ ಮೇಲೆ ಓಡಾಡಿದರೆ, ಬೆಳಿಗ್ಗೆ ಅಭ್ಯಾಸಕ್ಕೆ ಬರುವ ಓಟಗಾರ ಮಕ್ಕಳು ವರ್ಷಗಟ್ಟಲೆ ಕಾದು ಪಡೆದ ಸೌಲಭ್ಯ ಒಂದೇ ವಾರದಲ್ಲಿ ಹಾಳಾಗುತ್ತದೆ.

ಜಿಲ್ಲಾ ಕೇಂದ್ರದ ಕ್ರೀಡಾಂಗಣವನ್ನು ಕೇಳುವುದಾದರೆ ದಿನಗಳ ಲೆಕ್ಕವನ್ನೂ ಮೊದಲೇ ಹಾಕಬೇಕು. ಆಗಸ್ಟ್ 15, ಕಲ್ಯಾಣ ಕರ್ನಾಟಕ ಉತ್ಸವದ ಸೆಪ್ಟೆಂಬರ್ 17, ನವೆಂಬರ್ 1, ಜನವರಿ 26 ಇವುಗಳ ಆಸುಪಾಸಿನಲ್ಲಿ ಪಥಸಂಚಲನದ ತಾಲೀಮು ಇರುತ್ತದೆ. ದಸರಾ ಕ್ರೀಡಾಕೂಟಗಳೂ ಇರುತ್ತವೆ. ಟ್ರ್ಯಾಕ್ ಕಟ್ಟಲು ಒಂದು ವಾರ, ಓಟ ಮುಗಿದ ಮೇಲೆ ತೆಗೆದು ನೆಲವನ್ನು ಮೊದಲಿನಂತೆ ಮಾಡಲು ಇನ್ನೊಂದು ವಾರ ಸಿಗದಿದ್ದರೆ ಆ ಮೈದಾನವನ್ನು ಬಿಟ್ಟುಬಿಡುವುದು ಒಳ್ಳೆಯದು.

ಮಣ್ಣಿನ ಪರೀಕ್ಷೆ

ನಮ್ಮ ಭಾಗದ ಭೂಮಿಯನ್ನು ರೈತರು ಎರೆ (ಕಪ್ಪು ಮಣ್ಣು), ಮಸಾರಿ (ಕೆಂಪು ಮಣ್ಣು) ಎಂದು ಎರಡಾಗಿ ಹೇಳುತ್ತಾರೆ, ಸ್ಪೀಡ್‌ವೇಗೂ ಇದೇ ವಿಂಗಡಣೆ ಸಾಕು. ಎರೆ ಮಣ್ಣು ನೀರು ಕುಡಿದಾಗ ಉಬ್ಬಿ, ಒಣಗಿದಾಗ ಬಿರಿಯುತ್ತದೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುವ ಆ ನೆಲದ ಮೇಲೆ ಎಷ್ಟೇ ಚೆನ್ನಾದ ಪದರವನ್ನು ಹಾಸಿದರೂ, ಒಂದು ಕಡೆ ನೀರು ಹೆಚ್ಚಾದ ಕೂಡಲೇ ತಳ ಮೆತ್ತಗಾಗಿ ಮೇಲಿನ ಪದರ ಕುಸಿಯುತ್ತದೆ. ಸಿಂಧನೂರು, ಸಿರುಗುಪ್ಪ, ಗಂಗಾವತಿಯ ಸುತ್ತ ಕಾಲುವೆ ನೀರಿನ ಗದ್ದೆಗಳ ನಡುವೆ ಇರುವ ಮೈದಾನಗಳನ್ನು ಈ ಕಾರಣಕ್ಕೆ ನಾನು ಪಟ್ಟಿಯ ಕೆಳಗಿಡುತ್ತೇನೆ. ಗ್ರಾನೈಟ್ ಬಂಡೆ ಸವೆದು ಹುಟ್ಟಿದ ಮಸಾರಿ ನೆಲ ಇದಕ್ಕೆ ಪೂರ್ತಿ ಬೇರೆ. ಅದರಲ್ಲಿ ಹರಳು, ಮರಳು, ಸ್ವಲ್ಪ ಜೇಡಿ ಮೂರೂ ಇರುತ್ತವೆ. ನೀರು ನಿಲ್ಲುವುದಿಲ್ಲ, ರೋಲರ್ ಹೊಡೆದರೆ ಬಿಗಿಯಾಗುತ್ತದೆ. ಕೊಪ್ಪಳ ಮತ್ತು ಕುಷ್ಟಗಿ ಕಡೆಯ ಮಸಾರಿ ಬಯಲುಗಳನ್ನು ಮೊದಲು ನೋಡಿ ಎಂದು ಹೇಳಲು ಇದೇ ಕಾರಣ. ಸಂಡೂರಿನ ಸುತ್ತ ನೆಲ ಗಟ್ಟಿಯಾಗಿದ್ದರೂ, ಅದಿರಿನ ಲಾರಿಗಳು ಓಡಾಡುವ ರಸ್ತೆಗೆ ಹತ್ತಿರವಿರುವ ಜಾಗವನ್ನು ಬೇಡವೆನ್ನಬೇಕು, ಏಕೆಂದರೆ ಆ ನುಣುಪಾದ ಕೆಂಧೂಳು ಟ್ರ್ಯಾಕಿನ ಮೇಲೆ ಕೂತರೆ ಹಿಡಿತವೂ ಹೋಗುತ್ತದೆ, ಸವಾರರ ಕಣ್ಣೂ ಮಂಜಾಗುತ್ತದೆ.

ನೋಡಿ ಹೇಳುವುದು ಸಾಲದು, ಅಗೆದು ನೋಡಬೇಕು. ಟ್ರ್ಯಾಕ್ ಬರುವ ಗೆರೆಯ ಮೇಲೆ, ಎರಡು ತಿರುವುಗಳಲ್ಲಿ ಮತ್ತು ಎರಡು ನೇರ ಭಾಗಗಳಲ್ಲಿ ಒಂದೊಂದರಂತೆ, ನಾಲ್ಕು ಕಡೆ ಮೂರು ಅಡಿ ಆಳದ ಗುಂಡಿ ತೆಗೆಸಿ. ಮೇಲೆ ಕೆಂಪಗೆ ಕಾಣುವ ಮೈದಾನದ ಅಡಿಯಲ್ಲಿ ಹಿಂದೆಂದೋ ತುಂಬಿದ ಎರೆ ಮಣ್ಣೋ ಕಟ್ಟಡದ ಅವಶೇಷವೋ ಸಿಗುವುದುಂಟು. ಪ್ರತಿ ಗುಂಡಿಯ ಮಣ್ಣನ್ನು ಗಾಜಿನ ಬಾಟಲಿಗೆ ಅರ್ಧ ತುಂಬಿ, ನೀರು ಹಾಕಿ, ಚೆನ್ನಾಗಿ ಅಲುಗಾಡಿಸಿ ಒಂದು ರಾತ್ರಿ ಬಿಟ್ಟರೆ ಮರಳು ಕೆಳಗೆ, ಅದರ ಮೇಲೆ ಹೂಳು, ಎಲ್ಲಕ್ಕಿಂತ ಮೇಲೆ ಜೇಡಿ ಪದರಪದರವಾಗಿ ನಿಲ್ಲುತ್ತವೆ. ಅದೇ ಮಣ್ಣನ್ನು ಕಲಸಿ ಇಟ್ಟಿಗೆಯ ಆಕಾರದಲ್ಲಿ ತಟ್ಟಿ ಎರಡು ದಿನ ಬಿಸಿಲಿಗಿಡಿ: ಬಿರುಕು ಬಿಟ್ಟರೆ ಜೇಡಿ ಹೆಚ್ಚು, ಬೆರಳಿನಿಂದ ಒತ್ತಿದರೆ ಉದುರಿದರೆ ಜೇಡಿ ಕಡಿಮೆ. ಇವೆರಡರ ನಡುವಿನ ಮಣ್ಣು ನಮಗೆ ಬೇಕು. ಮೈದಾನದಲ್ಲಿರುವ ಮಣ್ಣು ಪೂರ್ತಿ ಹೊಂದದಿದ್ದರೂ ಚಿಂತೆಯಿಲ್ಲ, ತಳ ಗಟ್ಟಿಯಿದ್ದರೆ ಸಾಕು. ಮೇಲಿನ ಪದರಕ್ಕೆ ಒಳ್ಳೆಯ ಗರಸನ್ನೂ ಕ್ರಷರ್ ಪುಡಿಯನ್ನೂ ತಂದು ಹಾಸಬಹುದು. ವಿದೇಶದ ಅನೇಕ ಟ್ರ್ಯಾಕುಗಳಲ್ಲಿಯೂ ಗ್ರಾನೈಟ್ ಪುಡಿಯ ಮಿಶ್ರಣವನ್ನೇ ಬಳಸುತ್ತಾರೆ, ಅದು ನಮಗೆ ಕ್ವಾರಿಗಳಲ್ಲಿ ಸುಲಭವಾಗಿ ಸಿಗುತ್ತದೆ.

ಎಷ್ಟು ಬೇಕು ಎಂಬ ಲೆಕ್ಕವನ್ನು ಮೈದಾನ ಒಪ್ಪಿಕೊಳ್ಳುವ ಮೊದಲೇ ಮಾಡಬೇಕು. 280 ಮೀಟರಿನ ಟ್ರ್ಯಾಕಿನ ವಿಸ್ತೀರ್ಣ ಸುಮಾರು 3,700 ಚದರ ಮೀಟರ್. ಹಳೆಯ ನೆಲದ ಮೇಲೆ 25 ಸೆಂಟಿಮೀಟರ್ ಬಿಗಿ ಪದರ ಹಾಸಬೇಕಾದರೆ 925 ಘನ ಮೀಟರ್, ಅಂದರೆ ಸುಮಾರು 330 ಬ್ರಾಸ್ (ಒಂದು ಬ್ರಾಸ್ ಎಂದರೆ 100 ಘನ ಅಡಿ) ಬೇಕು. ಸಡಿಲ ಮಣ್ಣು ರೋಲರಿನ ಕೆಳಗೆ ಕುಗ್ಗುವುದರಿಂದ ತರುವಾಗ ಅದಕ್ಕೆ ಕಾಲು ಭಾಗ ಸೇರಿಸಿ 400 ಬ್ರಾಸ್ ಮೀರಿಯೇ ತರಿಸಬೇಕಾಗುತ್ತದೆ. ಕ್ವಾರಿಯಿಂದ ದೂರವಿರುವ ಮೈದಾನ ಉಚಿತವಾಗಿ ಸಿಕ್ಕರೂ ಟಿಪ್ಪರ್ ಬಾಡಿಗೆಯಲ್ಲಿ ಆ ಉಳಿತಾಯ ಕರಗಿಹೋಗುತ್ತದೆ.

ನೀರು ಮತ್ತು ಗಾಳಿ

ಗ್ರ್ಯಾಂಡ್ ಪ್ರಿ ಮಾದರಿಯ ಸ್ಪರ್ಧೆಯಲ್ಲಿ 16 ಸವಾರರು ಮೊದಲು 20 ಹೀಟ್‌ಗಳಲ್ಲಿ ಓಡಿ, ಆಮೇಲೆ ಕೊನೆಯ ಹಂತದ ಮೂರು ಓಟಗಳು ನಡೆಯುತ್ತವೆ. ಒಂದೊಂದು ಓಟ ಸುಮಾರು ಒಂದು ನಿಮಿಷದ್ದು. ಸಾಮಾನ್ಯವಾಗಿ ನಾಲ್ಕು ಓಟಗಳಿಗೊಮ್ಮೆ ಟ್ರ್ಯಾಕ್ಟರ್ ಇಳಿಸಿ, ಹೊರ ಅಂಚಿಗೆ ಸರಿದ ಮಣ್ಣನ್ನು ಒಳಕ್ಕೆ ಎಳೆದು, ನೀರು ಚಿಮುಕಿಸಬೇಕಾಗುತ್ತದೆ. ಹಿಂದಿನ ರಾತ್ರಿ ಚದರ ಮೀಟರಿಗೆ ಐದು ಲೀಟರಿನಂತೆ ನೆನೆಸಿ, ಓಟದ ದಿನ ಆರು ಬಾರಿ ಒಂದೊಂದು ಲೀಟರ್ ಚಿಮುಕಿಸುವುದೆಂದು ಹಿಡಿದರೆ ಒಟ್ಟು ಸುಮಾರು 40,000 ಲೀಟರ್, ಅಂದರೆ 5,000 ಲೀಟರಿನ ಎಂಟು ಟ್ಯಾಂಕರ್ ನೀರು ಬೇಕು. ನಮ್ಮ ಬಿಸಿಲಿಗೆ ಇದರ ಒಂದೂವರೆ ಪಟ್ಟು ಸಿದ್ಧವಿರಲಿ. ತುಂಗಭದ್ರಾ ಕಾಲುವೆಯನ್ನು ನಂಬಿಕೊಂಡರೆ ಬೇಸಿಗೆಯಲ್ಲಿ ಅದು ಒಣಗಿರುತ್ತದೆ ಎಂಬುದನ್ನು ಮರೆಯಬಾರದು. ಕುಡಿಯುವ ನೀರಿಗೇ ಊರು ಪರದಾಡುವ ತಿಂಗಳಲ್ಲಿ ಇಷ್ಟು ನೀರನ್ನು ನೆಲಕ್ಕೆ ಸುರಿಯುವುದು ನ್ಯಾಯವೂ ಅಲ್ಲ. ಸವಳು ಬಂದ ಕೊಳವೆಬಾವಿಯ ನೀರನ್ನು ಇದಕ್ಕೆ ಬಳಸಬಹುದು. ಅದು ಕುಡಿಯಲು ಒದಗುವುದಿಲ್ಲ, ಧೂಳನ್ನು ಮಾತ್ರ ಅಡಗಿಸುತ್ತದೆ. ಆದರೆ ಮರುದಿನ ಅಲ್ಲಿ ಹುಲ್ಲು ಬೆಳೆಯಬೇಕಾದ ಮೈದಾನಕ್ಕೆ ಅದನ್ನು ಹಾಕಬಾರದು.

ನಾನು ನೋಡಿದ ಒಂದು ಮಣ್ಣಿನ ಟ್ರ್ಯಾಕ್ ಓಟದಲ್ಲಿ ಟ್ಯಾಂಕರ್ ಒಂದೇ ಇತ್ತು, ಅದು ತುಂಬಿಸಿಕೊಂಡು ಬರಲು ಹೋದಾಗ ಎರಡನೇ ಸಾಲಿನ ಸವಾರರಿಗೆ ಮುಂದಿನವನ ಚಕ್ರವೇ ಕಾಣದಷ್ಟು ಧೂಳೆದ್ದಿತ್ತು, ಒಬ್ಬ ಹುಡುಗ ಬೇಲಿಗೆ ಬಡಿದು ಭುಜದ ಎಲುಬು ಮುರಿದುಕೊಂಡ. ಅಂದಿನಿಂದ ನಾನು ಯಾವುದೇ ಮೈದಾನಕ್ಕೆ ಹೋದರೂ ಮೊದಲು ನೀರು ತುಂಬಿಸುವ ಜಾಗ ಎಷ್ಟು ದೂರ ಎಂದು ಕೇಳುತ್ತೇನೆ, ಟ್ಯಾಂಕರ್ ಹೋಗಿ ಬರುವ ಸಮಯವನ್ನು ಗಡಿಯಾರ ಹಿಡಿದು ನೋಡುತ್ತೇನೆ.

ತಿಂಗಳ ಆಯ್ಕೆಯೂ ಮೈದಾನದ ಆಯ್ಕೆಯ ಭಾಗವೇ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ಸೆಪ್ಟೆಂಬರ್ ಈ ಭಾಗಕ್ಕೆ ಜೋರು ಮಳೆಯ ತಿಂಗಳು. ಜೂನಿನಿಂದ ಆಗಸ್ಟ್‌ವರೆಗೆ ನೈರುತ್ಯದ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಡಿಸೆಂಬರಿನಿಂದ ಫೆಬ್ರವರಿವರೆಗಿನ ಸಂಜೆಗಳು ಅತ್ಯುತ್ತಮ. ಪ್ರೇಕ್ಷಕರ ಮುಖ್ಯ ಗ್ಯಾಲರಿ ಮೈದಾನದ ಪಶ್ಚಿಮಕ್ಕಿದ್ದರೆ ಇಳಿಬಿಸಿಲು ಅವರ ಕಣ್ಣಿಗೆ ಬೀಳುವುದಿಲ್ಲ, ಪಶ್ಚಿಮದಿಂದ ಗಾಳಿ ಬೀಸುವ ದಿನಗಳಲ್ಲಿ ಧೂಳೂ ಅವರಿಂದ ಆಚೆಗೆ ಹೋಗುತ್ತದೆ. ಸಂಜೆಯ ಓಟಕ್ಕೆ ದೀಪದ ಕಂಬಗಳು ಬೇಕು, ಅವು ತಿರುವಿನ ಹೊರ ಅಂಚಿಗೆ ತಾಗಿಕೊಂಡಿರಬಾರದು. ಜನರೇಟರ್ ಎರಡಿರಲಿ.

ಬೇಲಿ, ಆಸ್ಪತ್ರೆ, ಗೇಟು

ತಿರುವುಗಳಲ್ಲಿ ಗಾಳಿ ತುಂಬಿದ ಮೆತ್ತೆಯ ಬೇಲಿ ನಿಲ್ಲಿಸುವುದು ಇಂದಿನ ಪದ್ಧತಿ. ಟ್ರ್ಯಾಕಿನ ಹೊರ ಅಂಚಿಗೆ ಕಾಂಕ್ರೀಟ್ ಕಾಂಪೌಂಡ್ ತಾಗಿಕೊಂಡಿರುವ, ಟ್ರ್ಯಾಕನ್ನು ಅದರಿಂದ ದೂರ ಸರಿಸುವಷ್ಟು ಜಾಗವಿಲ್ಲದ ಮೈದಾನ ಬೇರೆಲ್ಲದರಲ್ಲಿ ಒಳ್ಳೆಯದಾಗಿದ್ದರೂ ನಿರಾಕರಿಸಬೇಕು. ಭಾರತದಲ್ಲಿ ಇಂಥ ಸ್ಪರ್ಧೆಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಸಂಸ್ಥೆ ಎಫ್‌ಎಂಎಸ್‌ಸಿಐ. ಮೈದಾನಕ್ಕೆ ಮುಂಗಡ ಹಣ ಕೊಡುವ ಮೊದಲೇ ಅಳತೆಯ ನಕ್ಷೆಯೊಂದಿಗೆ ಅವರನ್ನು ಸಂಪರ್ಕಿಸಿದರೆ, ಆಮೇಲೆ ತಿರುವಿನ ಅಗಲವನ್ನೋ ಬೇಲಿಯ ಜಾಗವನ್ನೋ ಬದಲಿಸುವ ಕಷ್ಟ ತಪ್ಪುತ್ತದೆ.

ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಳಿವೆ ಎಂಬುದು ನಮ್ಮ ಭಾಗ್ಯ. ಆದರೆ ನಕ್ಷೆಯಲ್ಲಿನ ದೂರವನ್ನು ನಂಬದೆ, ಓಟ ನಡೆಯುವ ವಾರದ ದಿನದಲ್ಲಿ, ಅದೇ ಹೊತ್ತಿನಲ್ಲಿ, ಮೈದಾನದಿಂದ ಆಸ್ಪತ್ರೆಯ ಬಾಗಿಲವರೆಗೆ ಸ್ವತಃ ಗಾಡಿ ಓಡಿಸಿ ನೋಡಬೇಕು. ನಡುವೆ ರೈಲ್ವೆ ಗೇಟು ಬಂದರೆ ಬೇರೆ ದಾರಿ ಹುಡುಕಬೇಕು, ಅದೂ ಇಲ್ಲದಿದ್ದರೆ ಬೇರೆ ಮೈದಾನವನ್ನೇ ಹುಡುಕಬೇಕು. ಸ್ಪೀಡ್‌ವೇ ಬೈಕುಗಳು ಓಡುವುದು ಮೆಥನಾಲಿನಿಂದ. ಹಗಲಿನಲ್ಲಿ ಅದರ ಜ್ವಾಲೆ ಬಹುತೇಕ ಕಣ್ಣಿಗೆ ಕಾಣುವುದೇ ಇಲ್ಲ, ಕುಡಿದರೆ ಅದು ವಿಷ. ಆದ್ದರಿಂದ ಬೈಕ್ ಸಿದ್ಧಪಡಿಸುವ ಪಿಟ್ ಜಾಗ ಪ್ರೇಕ್ಷಕರಿಂದ ಪೂರ್ತಿ ಬೇರೆಯಾಗಿ, ಅಗ್ನಿಶಾಮಕ ವಾಹನ ನೇರವಾಗಿ ಒಳಬರುವಂತೆ ಇರುವ ಮೈದಾನ ಬೇಕು. ಆಸ್ಪತ್ರೆ, ಶಾಲೆ, ನ್ಯಾಯಾಲಯಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯವೆಂಬ ನಿಯಮವಿರುವುದರಿಂದ ಊರ ನಡುವಿನ ಅನೇಕ ಮೈದಾನಗಳು ಇಲ್ಲಿಯೇ ಪಟ್ಟಿಯಿಂದ ಬಿದ್ದುಹೋಗುತ್ತವೆ.

2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ನಡೆದ ಕಾಲ್ತುಳಿತದಲ್ಲಿ 11 ಜನ ಪ್ರಾಣ ಕಳೆದುಕೊಂಡರು. ಆ ದುರಂತ ನಡೆದದ್ದು ಒಳಗಿನ ಆಸನಗಳಲ್ಲಲ್ಲ, ಹೊರಗಿನ ಗೇಟುಗಳ ಬಳಿ. ಆದ್ದರಿಂದ ಮೈದಾನದ ಆಸನಗಳನ್ನು ಎಣಿಸುವ ಮೊದಲು ಗೇಟುಗಳನ್ನು ಎಣಿಸಿ, ಪ್ರತಿಯೊಂದರ ಅಗಲವನ್ನು ಟೇಪು ಹಿಡಿದು ಅಳೆಯಿರಿ, ಗೇಟಿನ ಮುಂದೆ ಜನ ನಿಲ್ಲುವ ಬಯಲು ಎಷ್ಟಿದೆ ಎಂದು ನೋಡಿ. ಗೇಟು ತೆರೆದರೆ ನೇರವಾಗಿ ಇಕ್ಕಟ್ಟಾದ ರಸ್ತೆಗೆ ಬೀಳುವ ಮೈದಾನವನ್ನು ದೊಡ್ಡ ಸ್ಪರ್ಧೆಗೆ ಆರಿಸಬಾರದು. ವಾಹನ ನಿಲುಗಡೆಗೆ ನಾವು ಬೇರೆ ಊರಿನಿಂದ ಕಲಿಯಬೇಕಾಗಿಲ್ಲ: ಕೊಪ್ಪಳದ ಗವಿಮಠದ ಜಾತ್ರೆಗೆ ಲಕ್ಷಾಂತರ ಜನ ಬರುವಾಗ ಆ ವ್ಯವಸ್ಥೆಯನ್ನು ಹತ್ತಿರದಿಂದ ಕಂಡ ಪೊಲೀಸರೂ ಸ್ವಯಂಸೇವಕರೂ ಇಲ್ಲಿಯೇ ಇದ್ದಾರೆ, ಅವರನ್ನು ಮೈದಾನಕ್ಕೆ ಕರೆದೊಯ್ದು ತೋರಿಸಿ ಅವರ ಮಾತು ಕೇಳಿ. ಜನವರಿಯ ದಿನಾಂಕ ಇಡುವಾಗ ಆ ಜಾತ್ರೆಯ ದಿನಗಳನ್ನು ಮಾತ್ರ ತಪ್ಪಿಸಬೇಕು.

ಇಷ್ಟೆಲ್ಲ ನೋಡಿದ ಮೇಲೆ ಎರಡು ಮೈದಾನಗಳು ಉಳಿದರೆ, ಎರಡರಲ್ಲಿಯೂ ಒಂದೇ ತಿರುವಿನಷ್ಟು ಜಾಗಕ್ಕೆ ಪದರ ಹಾಸಿ, ನೀರು ಹಾಕಿ, ರೋಲರ್ ಹೊಡೆಸಿ, ಮರುದಿನ ಸಂಜೆ ಅನುಭವಿ ಸವಾರನೊಬ್ಬನಿಂದ ಇಪ್ಪತ್ತು ಬಾರಿ ಅದೇ ತಿರುವನ್ನು ಸುತ್ತಿಸಿ ನೋಡಿ. ಚಕ್ರದ ಗೆರೆ ಎರಡು ಬೆರಳಿಗಿಂತ ಆಳಕ್ಕೆ ಇಳಿದ ಕಡೆ ತಳ ಮೆತ್ತಗಿದೆ ಎಂದರ್ಥ. ಗೆರೆ ಆಳವಾಗದೆ, ಮಣ್ಣು ಮಾತ್ರ ತೆಳ್ಳಗೆ ಹೊರ ಅಂಚಿಗೆ ಸರಿದು ಟ್ರ್ಯಾಕ್ಟರ್ ಎಳೆದ ಕೂಡಲೇ ಮತ್ತೆ ಸಮನಾಗುವ ಮೈದಾನಕ್ಕೆ ಮುಂಗಡ ಕೊಡಿ, ಅದೇ ದಿನ ನೆಲವನ್ನು ಮೊದಲಿನಂತೆ ಮಾಡಿಕೊಡುವ ಒಪ್ಪಂದವನ್ನೂ ಬರೆದು ಸಹಿ ಮಾಡಿ.