ನೀಲಿ ಇಲ್ಲದ ಗರುಡ

ನಾಲ್ಕೇ ಟ್ಯೂಬು ಬಣ್ಣ: ಟೈಟಾನಿಯಂ ವೈಟ್, ಯೆಲ್ಲೋ ಓಕರ್ (ಮಣ್ಣಿನ ಹಳದಿ), ಕ್ಯಾಡ್ಮಿಯಂ ರೆಡ್, ಐವರಿ ಬ್ಲ್ಯಾಕ್. ಇಷ್ಟರಲ್ಲೇ ರೆಕ್ಕೆ ಬಿಚ್ಚಿದ ಗರುಡನನ್ನು ಬರೆಯಬೇಕು ಅಂತ ಹಟ ಹಿಡಿದೆ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಸೋರ್ನ್ (1860–1920) ಹೆಸರಿನಲ್ಲಿ ಪ್ರಸಿದ್ಧವಾದ ಪ್ಯಾಲೆಟ್, ಅಂದರೆ ಬಣ್ಣಗಳ ಗುಂಪು, ಇದು. ಅವನ ಕೆಂಪು ವರ್ಮಿಲಿಯನ್. ಅದರಲ್ಲಿ ಪಾದರಸ ಇರುವುದರಿಂದ ಈಗ ಹೆಚ್ಚಿನವರು ಕ್ಯಾಡ್ಮಿಯಂ ಹಿಡಿಯುತ್ತಾರೆ.

ಕಾಸರಗೋಡಿನ ಕಡಲ ಬದಿಯವರಿಗೆ ಗರುಡ ದಿನಾ ಕಾಣುವ ಹಕ್ಕಿ. ಮೀನು ಇಳಿಸುವ ಹೊತ್ತಿಗೆ ದೋಣಿಗಳ ಮೇಲೇ ಸುತ್ತುತ್ತಿರುತ್ತದೆ. ಬಿಳಿ ತಲೆ, ಬಿಳಿ ಎದೆ, ಇಟ್ಟಿಗೆ ಬಣ್ಣದ ರೆಕ್ಕೆ, ತುದಿ ಕಪ್ಪು. ಈ ನಾಲ್ಕು ಟ್ಯೂಬಿಗೆಂದೇ ಹೇಳಿ ಮಾಡಿಸಿದ ಹಾಗೆ, ಅಲ್ವಾ? ನಾನು ಬರೆದದ್ದು ಮನುಷ್ಯನ ಮೈಯ, ಪುರಾಣದ ಗರುಡ. ರೆಕ್ಕೆ ಮಾತ್ರ ಈ ಹಕ್ಕಿಯದ್ದೇ.

ಚಿಂತೆ ಇದ್ದದ್ದು ಆಕಾಶದ್ದು. ಐವರಿ ಬ್ಲ್ಯಾಕಿಗೆ ಬಿಳಿ ಜಾಸ್ತಿ ಹಾಕಿ ಕಲೆಸಿದರೆ ತಣ್ಣನೆಯ ಬೂದು ಬರುತ್ತದೆ. ಬಣ್ಣ ಕಲೆಸುವ ಹಲಗೆಯ ಮೇಲೆ ಅದು ಸುಮ್ನೆ ಬೂದು. ಅದನ್ನೇ ಓಕರ್ ಮತ್ತು ಕೆಂಪು ಕಲೆಸಿದ ರೆಕ್ಕೆಯ ಅಂಚಿಗೆ ತಾಗಿಸಿ ಹಚ್ಚಿ ನೋಡಿ, ನೀಲಿಯೇ! ಪಕ್ಕದ ಬಿಸಿ ಬಣ್ಣ ಕಣ್ಣನ್ನು ಹಾಗೆ ಏಮಾರಿಸುತ್ತದೆ. "ನಾಲ್ಕೇ ಬಣ್ಣ ಅಂದವ, ನೀಲಿ ಎಲ್ಲಿಂದ ತಂದೆ ಮಾರಾಯ?" ಅಂತ ಚಿಕ್ಕಮ್ಮ ಕೇಳಿದರು. ಅದೇ ಕಪ್ಪಿಗೆ ಓಕರ್ ಸೇರಿದರೆ ಮಂಕು ಹಸಿರು. ದೂರದ ತೆಂಗಿನ ಸಾಲಿಗೆ ಅಷ್ಟು ಸಾಕಾಯ್ತು. ಎಳೆ ಪೈರಿನ ಹಸಿರು ಮಾತ್ರ ಇದರಲ್ಲಿ ಹುಟ್ಟುವುದಿಲ್ಲ, ಗದ್ದೆಯನ್ನೇ ಬಿಟ್ಟೆ.

ಹಕ್ಕಿಯ ರೆಕ್ಕೆ ಅಂದರೆ ಅದರ ಕೈ. ಭುಜ, ಮೊಣಕೈ, ಮಣಿಕಟ್ಟು ಎಲ್ಲ ಇದೆ. ತುದಿಯ ಉದ್ದ ಗರಿಗಳು ಹುಟ್ಟುವುದು ಮಣಿಕಟ್ಟಿನಿಂದಾಚೆ. ಬೆನ್ನಿಗೆ ಅಂಟಿಸಿದ ಹಾಗೆ ಕಾಣಬಾರದಲ್ಲ, ಅದಕ್ಕೆ ಹೆಗಲ ಹಿಂದೆ ಒಂದು ಉಬ್ಬು ಕೊಟ್ಟು, ಮೈಬಣ್ಣ ಅಲ್ಲಿಂದ ಮೆಲ್ಲ ಗರಿಗೆ ತಿರುಗುವಂತೆ ಮಾಡಿದೆ. ಒಂದೊಂದೇ ಗರಿ ಬರೆಯುತ್ತ ಕೂರಲಿಲ್ಲ. ಇಡೀ ರೆಕ್ಕೆಗೆ ಮೊದಲು ಒಂದು ನೆರಳು, ಒಂದು ಬೆಳಕು, ಅಷ್ಟೇ. ಕಣ್ಣು ಅರ್ಧ ಮುಚ್ಚಿ ನೋಡಿದಾಗ ಆಕಾರ ನಿಂತಿತು. ಆಮೇಲೆ ಬೆಳಕು ಬೀಳುವ ಅಂಚಿನ ಕೆಲವೇ ಗರಿಗಳನ್ನು ಚಪ್ಪಟೆ ಬ್ರಷ್ಷಿನಿಂದ ಬಿಡಿಸಿದೆ. ಒಂದು ಗರಿಗೆ ಒಂದೇ ಎಳೆತ.

ಇಟ್ಟಿಗೆ ಬಣ್ಣ ಕಲೆಸುವಾಗ ಓಕರ್ ಮೊದಲು, ಕೆಂಪು ಚೂರೇ ಚೂರು. ಕ್ಯಾಡ್ಮಿಯಮ್ಮಿನ ಜೋರು ಭಾರಿ, ಓಕರನ್ನು ನುಂಗಿಬಿಡುತ್ತದೆ. ಕಪ್ಪು ಬ್ರಷ್ಷಿನ ತುದಿಗೆ ತಾಗಿದಷ್ಟು ಸಾಕು, ಹೆಚ್ಚಾದರೆ ಕೆಸರು.

ಮಳೆಗಾಲದಲ್ಲಿ ಆಯಿಲ್ ಪೇಂಟ್ ಹಿಡಿಯುವವರು ನೆನಪಿಡಿ: ಐವರಿ ಬ್ಲ್ಯಾಕ್ ಒಣಗುವುದು ತುಂಬ ನಿಧಾನ. ನಾನು ರೆಕ್ಕೆಯ ಕಪ್ಪು ತುದಿಗಳನ್ನು ಕೊನೆಗೇ ಇಟ್ಟುಕೊಂಡೆ.