ಜರ್ಮನಿಗೆ ಹೋಗೋಕೆ ಎಷ್ಟು ದುಡ್ಡು ಕೊಟ್ಟೆ ಎಂದು ಕೇಳುವವರಿಗೆ

ಊರಿಗೆ ಬಂದಾಗಲೆಲ್ಲ ನನಗೆ ಎದುರಾಗುವ ಮೊದಲ ಪ್ರಶ್ನೆ ಒಂದೇ. "ಎಷ್ಟು ಕೊಟ್ಟೆ? ಯಾವ ಏಜೆಂಟ್?" ಮದುವೆಮನೆಯ ಊಟದ ಪಂಕ್ತಿಯಲ್ಲೂ ಇದೇ, ತೀರ್ಥಹಳ್ಳಿ ಬಸ್ ಸ್ಟ್ಯಾಂಡಿನಲ್ಲೂ ಇದೇ. ಕೇಳುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದುತ್ತಿರುವ ಹುಡುಗಿಯರ ಅಪ್ಪ ಅಮ್ಮಂದಿರು. ಏಜೆಂಟರಿಗೆ ಒಂದು ರೂಪಾಯಿಯೂ ಕೊಟ್ಟಿಲ್ಲ ಎಂದರೆ ನಂಬುವುದಿಲ್ಲ. ಅದಕ್ಕೇ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ನಾನು ಓದಿದ್ದು ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ. ಶಿವಮೊಗ್ಗದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆರು ವರ್ಷ ಸ್ಟಾಫ್ ನರ್ಸ್ ಆಗಿದ್ದೆ. ವಿನೋಬನಗರದಲ್ಲಿ ಮೂವರು ಸೇರಿ ಒಂದು ರೂಮು ಮಾಡಿಕೊಂಡಿದ್ದೆವು. ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗೆ. ಒಂದೂವರೆ ಎಕರೆ ಅಡಿಕೆ ತೋಟ ಬಿಟ್ಟರೆ ಮನೆಗೆ ಬೇರೆ ಆದಾಯ ಇರಲಿಲ್ಲ. 2020ರ ಕೊನೆಗೆ ಕೋವಿಡ್ ವಾರ್ಡಿನ ಡ್ಯೂಟಿ ಮುಗಿಸಿ ಬಂದಾಗ ನನ್ನ ಸಂಬಳ ಹದಿನಾಲ್ಕು ಸಾವಿರ. ಆಗಲೇ ಹೊರಗೆ ಹೋಗಬೇಕು ಅನ್ನಿಸಿದ್ದು.

ಮೊದಲು ನಾನೂ ಏಜೆಂಟರ ಹತ್ತಿರವೇ ಹೋದೆ. ಬೆಂಗಳೂರಿನ ಒಂದು ಆಫೀಸು. ಮೂರೂವರೆ ಲಕ್ಷ ಕೇಳಿದರು. ಅರ್ಧ ಮೊದಲೇ ಕಟ್ಟಬೇಕು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಎಲ್ಲ ಅವರ ಬಳಿ ಇಡಬೇಕು. ಭಾಷೆಯ ಬಗ್ಗೆ ಕೇಳಿದರೆ "ಅದೆಲ್ಲ ಅಲ್ಲಿ ಹೋದ ಮೇಲೆ ಬರತ್ತೆ" ಅಂದರು. ಮನೆಗೆ ಬಂದು ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮಂಡಿಯಲ್ಲಿ ಅಡಿಕೆ ಮೇಲೆ ಮುಂಗಡ ತರ್ತೀನಿ ಮಗಾ" ಅಂದರು. ಇನ್ನೂ ಮರದಲ್ಲೇ ಇದ್ದ ಬೆಳೆಯ ಮೇಲೆ ಸಾಲ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಉಳಿಸಿದ್ದು ನಮ್ಮ ವಾರ್ಡಿನ ಹಿರಿಯ ಸಿಸ್ಟರ್. "ಅವರ ನೋಂದಣಿ ನಂಬರ್ ಕೇಳಿದೀಯಾ?" ಅಂದರು. ಹಾಗೊಂದು ಇದೆ ಎಂದೇ ನನಗೆ ಗೊತ್ತಿರಲಿಲ್ಲ. ವಿದೇಶಕ್ಕೆ ಕೆಲಸಕ್ಕೆ ಕಳಿಸುವ ಏಜೆಂಟರು 1983ರ ವಲಸೆ ಕಾಯ್ದೆಯ ಪ್ರಕಾರ ವಿದೇಶಾಂಗ ಸಚಿವಾಲಯದಲ್ಲಿ ನೋಂದಣಿ ಮಾಡಿಸಿರಬೇಕು. ಅವರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ನೋಂದಣಿ ಇದ್ದವರೂ ಕೆಲಸಕ್ಕೆ ಹೋಗುವವರಿಂದ ತೆಗೆದುಕೊಳ್ಳಬಹುದಾದ ಸೇವಾ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ, ಅದರ ಮೇಲೆ ಜಿಎಸ್‌ಟಿ. ನಾವಿಬ್ಬರೂ ನೈಟ್ ಡ್ಯೂಟಿಯಲ್ಲಿ ಕೂತು ಮೊಬೈಲಿನಲ್ಲಿ ಹುಡುಕಿದೆವು. ನಾನು ಹೋಗಿದ್ದ ಆಫೀಸಿನ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ನನ್ನ ಕೈಯಲ್ಲಿ ಮಾರ್ಕ್ಸ್ ಕಾರ್ಡ್ ಉಳಿದದ್ದು ಆ ಸಿಸ್ಟರ್ ದಯೆಯಿಂದ.

ಆಮೇಲೆ ಒಂದು ನಿರ್ಧಾರ ಮಾಡಿದೆ. ಏಜೆಂಟರಿಗೆ ಕೊಡಲು ಹೊರಟಿದ್ದ ದುಡ್ಡಿನಲ್ಲಿ ಅರ್ಧಕ್ಕಿಂತ ಕಡಿಮೆಯನ್ನು ಭಾಷೆಗೆ ಹಾಕುವುದು. ಜರ್ಮನಿಯಲ್ಲಿ ನರ್ಸ್ ಲೈಸೆನ್ಸ್ ಸಿಗಬೇಕಾದರೆ ಬಿ2 ಮಟ್ಟದ ಜರ್ಮನ್ ಬೇಕು. ಎ1, ಎ2, ಬಿ1 ದಾಟಿ ಆಮೇಲೆ ಬಿ2. ಕೆಲವು ಆಸ್ಪತ್ರೆಗಳು ಬಿ1 ಆದವರನ್ನೇ ಕರೆಸಿಕೊಂಡು ಅಲ್ಲಿ ಬಿ2 ಮಾಡಿಸುತ್ತವೆ. ನಾನು ಇಲ್ಲೇ ಬಿ2 ಮುಗಿಸಿ ಹೋದೆ, ಈಗಲೂ ಅದೇ ಸರಿ ಅನ್ನುತ್ತೇನೆ. ಅಲ್ಲಿ ಡ್ಯೂಟಿ, ಚಳಿ, ಒಂಟಿತನ ಮೂರರ ಜೊತೆ ಪರೀಕ್ಷೆಗೂ ಓದುವುದು ತುಂಬಾ ಕಷ್ಟ.

ಆನ್‌ಲೈನ್ ಕ್ಲಾಸು ಸಂಜೆ ಆರಕ್ಕೆ. ರಜೆಗೆ ಊರಿಗೆ ಹೋದರೆ ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ತೋಟದ ಮೇಲಿನ ಗುಡ್ಡ ಹತ್ತಿ, ಕೊಡೆ ಹಿಡಿದು ಕಲ್ಲಿನ ಮೇಲೆ ಕೂತು ಪಾಠ ಕೇಳುತ್ತಿದ್ದೆ. ತಮ್ಮ ಟಾರ್ಚ್ ಹಿಡಿದು ವಾಪಸ್ ಕರೆದುಕೊಂಡು ಬರಲು ಬರುತ್ತಿದ್ದ. ಡಾಯ್ಚೆ ವೆಲ್ಲೆ ಸಂಸ್ಥೆಯ ಉಚಿತ ಪಾಠಗಳನ್ನು ರೂಮಿನಲ್ಲಿದ್ದಾಗ ಡೌನ್‌ಲೋಡ್ ಮಾಡಿಟ್ಟು ಬಸ್ಸಿನಲ್ಲಿ ಕೇಳುತ್ತಿದ್ದೆ.

ಕಲಿಯುವಾಗ ಎರಡು ಸಂಗತಿ ನೋಡಿದೆ. ಒಂದು, ಲಿಂಗ. ನಮಗೆ ವಸ್ತುಗಳೆಲ್ಲ "ಅದು". ಅವರಿಗೆ ಹಾಗಲ್ಲ. ಚಮಚ ಗಂಡು, ಫೋರ್ಕ್ ಹೆಣ್ಣು, ಚಾಕು ನಪುಂಸಕ. ಡೇರ್ ಲೋಫೆಲ್, ಡೀ ಗಾಬೆಲ್, ಡಾಸ್ ಮೆಸ್ಸರ್. ಇದಕ್ಕೆ ಉಪಾಯ ಇಲ್ಲ, ಪ್ರತಿ ಪದವನ್ನೂ ಅದರ ಲಿಂಗದ ಜೊತೆಗೇ ಬಾಯಿಪಾಠ ಮಾಡಬೇಕು. ಇನ್ನೊಂದು, ವಾಕ್ಯ. ಇಲ್ಲಿ ಕನ್ನಡ ಕೈ ಹಿಡಿಯಿತು. "ವೈಲ್" ಎಂದರೆ ಯಾಕೆಂದರೆ. ಅದು ಬಂದ ಕೂಡಲೇ ಕ್ರಿಯಾಪದ ವಾಕ್ಯದ ಕೊನೆಗೆ ಹೋಗುತ್ತದೆ. ಇಂಗ್ಲಿಷಿನಿಂದ ಕಲಿಯುವವರು ಇಲ್ಲೇ ಒದ್ದಾಡುತ್ತಾರೆ. ನಾವು ಮಾತಾಡುವುದೇ ಹಾಗೆ ಅಲ್ವಾ? "ಯಾಕೆಂದರೆ ನಾನು ನಾಳೆ ಡ್ಯೂಟಿಗೆ ಹೋಗ ಬೇಕು." ಅವರಲ್ಲೂ ಕೊನೆಗೆ "ಗೇಹೆನ್ ಮುಸ್", ಹೋಗ ಬೇಕು, ಅದೇ ಸಾಲಿನಲ್ಲಿ ಬರುತ್ತದೆ. ಇದು ಹೊಳೆದ ದಿನ ನಾನು ಇಂಗ್ಲಿಷ್ ಬಿಟ್ಟು ನೇರ ಕನ್ನಡದಿಂದ ಜರ್ಮನ್‌ಗೆ ವಾಕ್ಯ ಕಟ್ಟಲು ಶುರು ಮಾಡಿದೆ.

ಪರೀಕ್ಷೆ ಬರೆದದ್ದು ಬೆಂಗಳೂರಿನಲ್ಲಿ, ಗೊಯ್ಟೆ ಸಂಸ್ಥೆಯದು. ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು, ಹೀಗೆ ನಾಲ್ಕು ಭಾಗ. ಪ್ರತಿಯೊಂದರಲ್ಲೂ ನೂರಕ್ಕೆ 60 ಬೇಕು. ಕೇಳುವ ಭಾಗದಲ್ಲಿ ನನಗೆ ಅಷ್ಟು ಬರಲಿಲ್ಲ. ತುಂಬಾ ಅತ್ತೆ. ಆದರೆ ಫೇಲಾದ ಭಾಗವನ್ನಷ್ಟೇ ಮತ್ತೆ ಬರೆಯಬಹುದು. ಎರಡು ತಿಂಗಳು ಜರ್ಮನ್ ರೇಡಿಯೋ ಬಿಟ್ಟರೆ ಬೇರೆ ಏನೂ ಕೇಳಲಿಲ್ಲ. 2022ರ ಆಗಸ್ಟಿನಲ್ಲಿ ಪಾಸಾಯಿತು. ಅಲ್ಲಿಗೆ ಎಲ್ಲ ಸೇರಿ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಖರ್ಚಾಗಿತ್ತು, ಒಂದೂವರೆ ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ. ಆ ವರ್ಷ ನಮ್ಮ ಕಡೆ ಅಡಿಕೆಗೆ ಎಲೆಚುಕ್ಕಿ ರೋಗ ಬಂದು ತೋಟ ಒಣಗಿದ ಹಾಗಾಗಿತ್ತು. ಮಂಡಿಯ ಮುಂಗಡ ತಂದಿದ್ದರೆ ಏನಾಗುತ್ತಿತ್ತು ಎಂದು ಈಗಲೂ ಹೆದರಿಕೆ ಆಗುತ್ತದೆ.

ಬಿ2 ಕೈಯಲ್ಲಿದ್ದ ಮೇಲೆ ಕೆಲಸ ಹುಡುಕುವುದು ಕಷ್ಟ ಆಗಲಿಲ್ಲ. ಆಸ್ಪತ್ರೆಗಳ ಜಾಲತಾಣಗಳಿಗೆ ಹೋಗಿ ನೇರವಾಗಿ ಅರ್ಜಿ ಹಾಕಿದೆ. ಇಪ್ಪತ್ತೆರಡು ಅರ್ಜಿ, ಐದು ಉತ್ತರ, ಮೂರು ವಿಡಿಯೋ ಸಂದರ್ಶನ. ಒಪ್ಪಂದ ಬಂದಾಗ ಒಂದು ಅಂಶ ಮಾತ್ರ ಮೂರು ಸಲ ಓದಿದೆ: ಮಧ್ಯದಲ್ಲಿ ಕೆಲಸ ಬಿಟ್ಟರೆ ಅವರ ಖರ್ಚನ್ನು ವಾಪಸ್ ಕೊಡಬೇಕೆಂಬ ಷರತ್ತು ಇದೆಯಾ, ಎಷ್ಟು, ಎಷ್ಟು ದಿನದವರೆಗೆ. ಇದನ್ನು ಓದದೆ ಸಹಿ ಹಾಕಿ ಸಿಕ್ಕಿಕೊಂಡವರನ್ನು ಆಮೇಲೆ ಅಲ್ಲಿ ನೋಡಿದೆ. ನ್ಯಾಯವಾಗಿ ನೇಮಕ ಮಾಡಿಕೊಳ್ಳುವವರಿಗೆ ಜರ್ಮನ್ ಸರ್ಕಾರದ್ದೇ ಒಂದು ಗುಣಮಟ್ಟದ ಮುದ್ರೆ ಇದೆ. ಅದು ಇರುವ ಕಡೆ ನೇಮಕದ ಖರ್ಚನ್ನು ಉದ್ಯೋಗದಾತರೇ ಹೊರಬೇಕು, ನರ್ಸ್ ಅಲ್ಲ.

ಕಾಗದಪತ್ರದಲ್ಲಿ ನನ್ನನ್ನು ಕಾಡಿದ್ದು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು, ನರ್ಸಿಂಗ್ ಕೌನ್ಸಿಲ್ ನೋಂದಣಿಯಲ್ಲಿ ಮತ್ತೊಂದು ರೀತಿ. ಮೂರೂ ಒಬ್ಬಳೇ ಎಂದು ನೋಟರಿ ಹತ್ತಿರ ಅಫಿಡವಿಟ್ ಮಾಡಿಸಿ, ಅದನ್ನೂ ಜರ್ಮನ್‌ಗೆ ಅನುವಾದ ಮಾಡಿಸಬೇಕಾಯಿತು. ಕಾಲೇಜಿನಿಂದ ಬರೀ ಅಂಕಪಟ್ಟಿ ಸಾಲದು, ಯಾವ ವಿಷಯ ಎಷ್ಟು ಗಂಟೆ ಓದಿದೆ, ಯಾವ ವಾರ್ಡಿನಲ್ಲಿ ಎಷ್ಟು ಗಂಟೆ ಕೆಲಸ ಮಾಡಿದೆ ಎಂಬ ಪಟ್ಟಿಯೂ ಬೇಕು. ಅದಕ್ಕೆ ನಾನು ಕಾಲೇಜಿಗೆ ಆರು ಸಲ ಓಡಾಡಿದೆ. ಜರ್ಮನಿಯ ನರ್ಸ್ ತರಬೇತಿ ಮೂರು ವರ್ಷ, ಅದರಲ್ಲಿ 2,100 ಗಂಟೆ ಪಾಠ, 2,500 ಗಂಟೆ ಪ್ರಾಯೋಗಿಕ. ಅಲ್ಲಿನ ಅಧಿಕಾರಿಗಳು ನಮ್ಮದನ್ನು ಅದರ ಪಕ್ಕ ಇಟ್ಟು ನೋಡಿ, ಏನು ಕಡಿಮೆ ಎಂದು ಬರೆದು ಕಳಿಸುತ್ತಾರೆ. ನನಗೆ ವಯಸ್ಸಾದವರ ಆರೈಕೆಯ ಗಂಟೆ ಕಡಿಮೆ ಬಂತು. ಕಡಿಮೆ ಇದ್ದವರು ಅಲ್ಲಿ ಹೋಗಿ ಪರೀಕ್ಷೆ ಬರೆಯಬಹುದು, ಇಲ್ಲವೇ ತರಬೇತಿ ಮಾಡಬಹುದು. ಅಲ್ಲಿಯವರೆಗೆ ಸಹಾಯಕಿಯ ಹುದ್ದೆ, ಸಹಾಯಕಿಯ ಸಂಬಳ.

2023ರ ಫೆಬ್ರವರಿಯಲ್ಲಿ ಹೊರಟೆ. ಅಮ್ಮ ಒಂದು ಬಾಟಲಿ ತುಪ್ಪ ಕಟ್ಟಿದ್ದರು. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ಅಲ್ಲಿಗೆ ಒಯ್ಯುವ ಹಾಗಿಲ್ಲ. ತುಪ್ಪ ಬಿಟ್ಟು ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ತೆಗೆದುಕೊಂಡೆ. ತೆಗೆದಿಡುವಾಗ ಅಮ್ಮನ ಮುಖ ನೋಡಲು ಆಗಲಿಲ್ಲ.

ನಾನು ಇರುವುದು ಸ್ಟುಟ್‌ಗಾರ್ಟ್ ಮತ್ತು ಉಲ್ಮ್ ನಡುವಿನ ಸಣ್ಣ ಊರು. ಮೊದಲ ಎರಡು ವಾರದೊಳಗೆ ನಗರಸಭೆಯಲ್ಲಿ ವಿಳಾಸ ನೋಂದಣಿ. ಅದಿಲ್ಲದೆ ಬೇರೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ. ಆರು ತಿಂಗಳು ಆಸ್ಪತ್ರೆಯ ಹಾಸ್ಟೆಲ್, ಆಮೇಲೆ ಬಾಡಿಗೆ ಮನೆ. ಜಾಹೀರಾತಿನಲ್ಲಿ ಕಾಣುವ "ತಣ್ಣನೆ ಬಾಡಿಗೆ" ನೋಡಿ ಖುಷಿಪಡಬೇಡಿ. ನೀರು, ಹೀಟರು ಸೇರಿದ "ಬೆಚ್ಚನೆ ಬಾಡಿಗೆ"ಯೇ ನಿಜವಾದದ್ದು. ನನ್ನದು 430 ಯೂರೋ ಎಂದು ಹೋದೆ, ಕೊಡುತ್ತಿರುವುದು 560. ಮನೆಯಲ್ಲಿ ಒಲೆಯೂ ಇರಲಿಲ್ಲ, ಪಾತ್ರೆ ತೊಳೆಯುವ ಸಿಂಕೂ ಇರಲಿಲ್ಲ. ಅಲ್ಲಿ ಎಷ್ಟೋ ಜನ ಮನೆ ಬಿಡುವಾಗ ಅಡುಗೆಮನೆಯನ್ನೇ ಕಿತ್ತುಕೊಂಡು ಹೋಗುತ್ತಾರೆ. ಮೊದಲ ಮೂರು ತಿಂಗಳ ಸಂಬಳದಲ್ಲಿ ಊರಿಗೆ ದುಡ್ಡು ಕಳಿಸುತ್ತೇನೆ ಎಂದು ಮಾತು ಕೊಡಬೇಡಿ.

ಕೆಲಸದಲ್ಲಿ ನೋವಾದದ್ದು ಬೇರೆ. ಶಿವಮೊಗ್ಗದಲ್ಲಿ ದಿನಕ್ಕೆ ಹತ್ತಾರು ಕ್ಯಾನುಲಾ, ಅಂದರೆ ಡ್ರಿಪ್ಪಿನ ಸೂಜಿ, ಹಾಕಿದ ಕೈ ಇದು. ಅಲ್ಲಿ ನಮ್ಮ ವಾರ್ಡಿನಲ್ಲಿ ಅದು ಡಾಕ್ಟರ ಕೆಲಸ. ನಮ್ಮದು ಬೆಳಿಗ್ಗೆ ಆರರಿಂದ ರೋಗಿಗಳ ಮೈ ಒರೆಸುವುದು, ಹಲ್ಲುಜ್ಜಿಸುವುದು, ಊಟ ಮಾಡಿಸುವುದು. ನಮ್ಮಲ್ಲಿ ಇದನ್ನು ಜೊತೆಗೆ ಬಂದ ಮನೆಯವರು ಮಾಡುತ್ತಾರೆ. ಅಲ್ಲಿ ಮನೆಯವರು ರಾತ್ರಿ ಉಳಿಯುವುದಿಲ್ಲ. ಮೊದಲ ತಿಂಗಳು ಓದಿದ್ದೆಲ್ಲ ವ್ಯರ್ಥ ಆಯಿತು ಅನ್ನಿಸುತ್ತಿತ್ತು. ಮೈ ಒರೆಸುವಾಗಲೇ ಚರ್ಮ, ಉಸಿರು, ನೋವು, ಮನಸ್ಸು ಎಲ್ಲ ನೋಡಬೇಕು, ನೋಡಿದ್ದನ್ನು ಬರೆಯಬೇಕು ಎಂದು ಅರ್ಥವಾಗಲು ನಾಲ್ಕು ತಿಂಗಳು ಹಿಡಿಯಿತು. ಈಗ ಅದು ಸಣ್ಣ ಕೆಲಸ ಅನ್ನಿಸುವುದಿಲ್ಲ.

ಮತ್ತೆ ಭಾಷೆ. ಬಿ2 ಪಾಸಾದವಳಿಗೆ ವಾರ್ಡಿನಲ್ಲಿ ಅರ್ಧ ಮಾತು ತಿಳಿಯಲಿಲ್ಲ. ಆ ಸೀಮೆಯ ಅಜ್ಜ ಅಜ್ಜಿಯರು ಮಾತಾಡುವುದು ಶ್ವೇಬಿಷ್, ಪುಸ್ತಕದ ಜರ್ಮನ್ ಅಲ್ಲ. ಒಬ್ಬರು ಅಜ್ಜಿ ಚಳಿ ಎಂದು "ಟೆಪ್ಪಿಶ್" ಕೇಳಿದರು. ನನಗೆ ಗೊತ್ತಿದ್ದ ಟೆಪ್ಪಿಶ್ ನೆಲಕ್ಕೆ ಹಾಸುವ ಜಮಖಾನ. ಅವರಿಗೆ ಅದು ಹೊದೆಯುವ ಕಂಬಳಿ.

ಇನ್ನೊಂದು ದಿನ ಎಂಬತ್ತು ದಾಟಿದ ಅಜ್ಜ "ಫೂಸ್" ನೋವು ಅಂದರು. ಫೂಸ್ ಎಂದರೆ ಪಾದ, ಬೈನ್ ಎಂದರೆ ಕಾಲು, ಪರೀಕ್ಷೆಗೆ ಹಾಗೇ ಓದಿದ್ದೆ. ಪಾದ ನೋಡಿದೆ, ಏನೂ ಇಲ್ಲ. ಅವರು ಮತ್ತೆ ಫೂಸ್ ಅಂದರು, ಕೈ ಮಾತ್ರ ತೊಡೆಯ ಮೇಲಿತ್ತು. ಆಗ ತಟ್ಟನೆ ಅಮ್ಮ ನೆನಪಾದರು. "ಕಾಲು ನೋವು ಕಣೇ" ಎಂದರೆ ಅಮ್ಮನಿಗೆ ಅದು ಸೊಂಟದ ಕೆಳಗಿನಿಂದ ಬೆರಳಿನ ತುದಿವರೆಗೆ ಎಲ್ಲಿಯೂ ಆಗಬಹುದು. ಶ್ವೇಬಿಷ್‌ನಲ್ಲೂ ಪೂರ್ತಿ ಕಾಲಿಗೆ ಫೂಸ್ ಎಂದೇ ಹೆಸರು! ಹೊದಿಕೆ ತೆಗೆದು ನೋಡಿದೆ. ಮೊಣಕಾಲಿನ ಮೇಲೆ ಊದಿಕೊಂಡಿತ್ತು, ಮುಟ್ಟಿದರೆ ಬಿಸಿ. ಕೂಡಲೇ ಡಾಕ್ಟರಿಗೆ ಹೇಳಿದೆ. ಅವತ್ತು ಡ್ಯೂಟಿ ಬದಲಾಗುವಾಗಿನ ಹ್ಯಾಂಡೋವರ್‌ನಲ್ಲಿ ನಾನು ಮೊದಲ ಸಲ ಯಾರೂ ಕೇಳದೆ ಬಾಯಿ ಬಿಟ್ಟು ಮಾತಾಡಿದೆ. ಆಮೇಲೆ ಒಂದು ಸಣ್ಣ ನೋಟ್‌ಬುಕ್ ಇಟ್ಟುಕೊಂಡೆ. ಎಡಕ್ಕೆ ಶ್ವೇಬಿಷ್ ಮಾತು, ಬಲಕ್ಕೆ ಕನ್ನಡ. ರೋಗಿಗಳೇ ಹೇಳಿಕೊಡುತ್ತಿದ್ದರು, ಪ್ರೀತಿಯಿಂದ.

ಚಳಿಗಿಂತ ಕತ್ತಲೆ ಕಷ್ಟ. ಡಿಸೆಂಬರಿನಲ್ಲಿ ಸೂರ್ಯ ಹುಟ್ಟುವುದು ಎಂಟರ ಮೇಲೆ, ನಾಲ್ಕೂವರೆಗೆ ಮತ್ತೆ ಕತ್ತಲು. ನಮ್ಮ ಮಳೆಗಾಲದಲ್ಲೂ ವಾರಗಟ್ಟಲೆ ಬಿಸಿಲು ಇರುವುದಿಲ್ಲ, ಆದರೆ ಮಳೆಗೆ ಸದ್ದು ಇರುತ್ತದೆ, ಒಲೆ ಮುಂದೆ ಜನ ಇರುತ್ತಾರೆ. ಅಲ್ಲಿ ಭಾನುವಾರ ಅಂಗಡಿಯೂ ಮುಚ್ಚಿ, ಬೀದಿಯೆಲ್ಲ ಮೌನ. ಆ ದಿನಗಳಲ್ಲಿ ನಾನು ಎರಡು ಕೆಲಸ ತಪ್ಪಿಸಲಿಲ್ಲ. ಮಧ್ಯಾಹ್ನ ಅಮ್ಮನಿಗೆ ಫೋನು, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ವ್ಯತ್ಯಾಸ, ಊರಲ್ಲಿ ಆಗ ದೀಪ ಹಚ್ಚುವ ಹೊತ್ತು. ಇನ್ನೊಂದು, ಮೆಂತ್ಯೆ ತಂಬುಳಿ ಮಾಡಿ ಬಿಸಿ ಅನ್ನದ ಜೊತೆ ಉಣ್ಣುವುದು. ಮೆಂತ್ಯೆ, ಮೊಸರು, ತೆಂಗಿನಕಾಯಿ ಮೂರೂ ಅಲ್ಲಿ ಸಿಗುತ್ತವೆ. ನೆರೆಯವರ ಪರಿಚಯ ಆದದ್ದು ಮೆಟ್ಟಿಲು ಗುಡಿಸುವ ವಾರದ ಸರದಿಯಿಂದ. ಆ ಸೀಮೆಯಲ್ಲಿ ಅದಕ್ಕೆ "ಕೇರ್‌ವೋಖೆ" ಅನ್ನುತ್ತಾರೆ. ಸರದಿ ಬಂದವರ ಬಾಗಿಲಿಗೆ ಫಲಕ ನೇತುಹಾಕುತ್ತಾರೆ. ನಾನು ಚೆನ್ನಾಗಿ ಗುಡಿಸಿ ಒರೆಸಿದೆ. ಮರುದಿನ ಕೆಳಗಿನ ಮನೆಯ ಹೆಂಗಸು ಕೇಕ್ ತಂದುಕೊಟ್ಟರು.

2024ರ ಮಾರ್ಚಿನಲ್ಲಿ ಪರೀಕ್ಷೆ ಪಾಸಾಗಿ ಪೂರ್ತಿ ನರ್ಸ್ ಆದೆ. ಬಾಯಿಪರೀಕ್ಷೆಯೂ ಇರುತ್ತದೆ, ರೋಗಿಗಳ ಎದುರು ಪ್ರಾಯೋಗಿಕವೂ ಇರುತ್ತದೆ, ಸೋತರೆ ಇನ್ನೊಂದೇ ಅವಕಾಶ. ಈಗ ಸಂಬಳ 3,200 ಯೂರೋ ಚಿಲ್ಲರೆ, ತೆರಿಗೆ, ವಿಮೆ, ಪಿಂಚಣಿ ಎಲ್ಲ ಕಳೆದು ಕೈಗೆ ಸಿಗುವುದು ಮೂರರಲ್ಲಿ ಎರಡು ಪಾಲು. ತೋಟಕ್ಕೆ ಹೊಸ ಸಸಿ ಹಾಕಿಸಿದೆವು.

ಹೊಸನಗರ ಕಡೆಯ ಒಬ್ಬ ಹುಡುಗಿ ಈಗ ಎ2 ಓದುತ್ತಿದ್ದಾಳೆ. ಅವಳ ಅಪ್ಪನೂ ಮೊದಲು ಕೇಳಿದ್ದು ಏಜೆಂಟರ ಹೆಸರನ್ನೇ. ಪ್ರತಿ ಭಾನುವಾರ ನಾವಿಬ್ಬರೂ ಫೋನಿನಲ್ಲಿ ಅರ್ಧ ಗಂಟೆ ಜರ್ಮನ್ ಮಾತಾಡುತ್ತೇವೆ. ಕಳೆದ ವಾರ ಅವಳು "ವೈಲ್" ಹಾಕಿ ಹನ್ನೆರಡು ವಾಕ್ಯ ಹೇಳಿದಳು. ಎರಡರಲ್ಲಿ ಕ್ರಿಯಾಪದದ ಜಾಗ ತಪ್ಪಿತ್ತು. "ಮೊದಲು ಕನ್ನಡದಲ್ಲಿ ಹೇಳಿ ನೋಡು" ಅಂದೆ. ಹೇಳಿದಳು, ಸರಿ ಮಾಡಿಕೊಂಡಳು. ಈ ಭಾನುವಾರ ಚಮಚ, ಫೋರ್ಕು, ಚಾಕು.